ಇಪ್ಪತ್ತೆರಡು ಮೆಟ್ಟಿಲಿಗೆ ಒಂದು ಶಾಲು

ಕಳೆದ ನವೆಂಬರಿನಲ್ಲಿ ಒಬ್ಬರು ಹೆಡ್‌ಮಾಸ್ಟರು ನನಗೆ ಫೋನ್ ಮಾಡಿದರು. ಸರಕಾರಿ ಪ್ರೌಢಶಾಲೆಯ ಹೆಡ್‌ಮಾಸ್ಟರು. ದನಿಯಲ್ಲಿ ಭಾರೀ ಸಂಭ್ರಮ.

"ಮೇಡಂ, ನಮ್ಮ್ ಶಾಲೆಲ್ ಒಬ್ಳ್ ತಾಯಿ ಇದ್ಲ್. ನಡೂಕ್ ಆಗ್ದಿದ್ ಮಗ್ಳನ್ನ ದಿನಾ ಹೊತ್ಕಂಡ್ ಮೆಟ್ಲ್ ಹತ್ತತ್ಲ್. ವಾರ್ಷಿಕೋತ್ಸವಕ್ಕೆ ಅವ್ಳಿಗೊಂದ್ ಸನ್ಮಾನ ಮಾಡುವ ಅಂದೇಳಿ. ಪತ್ರ ನೀವೇ ಬರೀಕ್."

ಕೇಳಿ ನನ್ನ ಕಣ್ಣು ಒದ್ದೆಯಾಯಿತು. (ಆ ಕಣ್ಣಿಗೆ ಬೆಂಕಿ ಬೀಳ.) ಆಯ್ತು, ಬರೆದುಕೊಡುತ್ತೇನೆ ಎಂದೆ. ಎಂಥಾ ತಾಯಿ, ಎಂಥಾ ಶಾಲೆ ಎಂದು ನಮ್ಮ ಯಜಮಾನರ ಹತ್ತಿರ ಹೇಳಿಯೂ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ಅವಳು ಮೆಟ್ಟಿಲು ಯಾಕೆ ಹತ್ತಬೇಕು ಎಂದು ಕೇಳಿದರು.

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ ನೋಡಿ.

ಮೊದಲು ನನ್ನ ಒಂದು ಚಟದ ವಿಚಾರ ಹೇಳಿಬಿಡಬೇಕು. ಈ ಅಂಕಣದಲ್ಲಿ ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ನಾನು ಸನ್ಮಾನ ಪತ್ರ ಬರೆಯುತ್ತೇನೆ. ಪೋಸ್ಟಾಫೀಸಿನಲ್ಲಿ ಕ್ಲರ್ಕ್ ಆಗಿದ್ದಾಗ ಯಾರೋ ಒಬ್ಬರು ರಿಟೈರ್ ಆದರು, ನಿಮ್ಮ ಕನ್ನಡ ಚಂದ, ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದರು, ಕೊಟ್ಟೆ. ಅಷ್ಟೇ. ಆಮೇಲೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರಿಗೆ ಶಾಲು ಹೊದೆಸುವುದಿದ್ದರೂ ನಾಲ್ಕು ಸಾಲಿಗೆ ನನ್ನ ಮನೆಗೇ ಬರುತ್ತಾರೆ. ಎಷ್ಟು ಗೋಡೆಗಳ ಮೇಲೆ ನನ್ನ ವಾಕ್ಯಗಳು ಗಾಜಿನ ಹಿಂದೆ ಧೂಳು ತಿನ್ನುತ್ತಿವೆಯೋ ದೇವರಿಗೇ ಗೊತ್ತು.

ನಮ್ಮ ಕಡೆಯ ಸನ್ಮಾನದ ಹುಚ್ಚು ನಿಮಗೇನು ಹೊಸದೇ? ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಮಗು ಪಾಸಾದರೆ ಸನ್ಮಾನ, ಮಾಸ್ಟರಿಗೆ ಟ್ರಾನ್ಸ್‌ಫರ್ ಆದರೆ ಸನ್ಮಾನ, ಟ್ರಾನ್ಸ್‌ಫರ್ ಕ್ಯಾನ್ಸಲ್ ಆದರೆ ಇನ್ನೊಂದು ಸನ್ಮಾನ. ಸನ್ಮಾನಿತರನ್ನು ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಯುವಷ್ಟು ಹೊತ್ತು ಮೈಕು ಸುಮ್ಮನಿರಬಾರದಲ್ಲ, ಅದಕ್ಕೊಂದು ಪತ್ರ. ಓದುವವರು ರಾಗವಾಗಿ ಓದುತ್ತಾರೆ. ಕೇಳುವವರು ಯಾರೂ ಇಲ್ಲ. ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು ನನ್ನ ಹತ್ತಿರ ಬಂದು, ನೀವು ಬರೆದ ಮೂರನೇ ಸಾಲು ಚಂದ ಇತ್ತು ಎಂದದ್ದಿಲ್ಲ.

ಹೆಡ್‌ಮಾಸ್ಟರು ವಾಟ್ಸಾಪಿನಲ್ಲಿ ವಿವರ ಕಳಿಸಿದರು. ತಾಯಿಯ ಹೆಸರು ಗುಲಾಬಿ. ಮಗಳು ಸ್ವಾತಿ, ಹತ್ತನೇ ತರಗತಿ. ಕೆಳಗೆ ಒಂದು ಸೂಚನೆ: 'ತ್ಯಾಗ' ಎನ್ನುವ ಶಬ್ದ ಎರಡು ಸಲ ಬರಲಿ, 'ಮಾತೃಶಕ್ತಿ' ದಪ್ಪಕ್ಷರದಲ್ಲಿ ಇರಲಿ.

ನಾನು ಮುಖ ನೋಡದೆ ಯಾರ ಬಗ್ಗೆಯೂ ಬರೆಯುವುದಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಗುಲಾಬಿಯ ಮನೆ ಹುಡುಕಿಕೊಂಡು ಹೋದೆ. (ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ, ಓಹೋ ಆ ಶಾಲೆಯಾ ಎಂದು ಉಳಿದ ಶಾಲೆಯವರೆಲ್ಲ ನೆಮ್ಮದಿಯಿಂದ ನಿದ್ದೆ ಮಾಡುತ್ತಾರೆ.)

ಹೆಂಚಿನ ಮನೆ, ಮುಂದೆ ಸಿಮೆಂಟಿನ ಅಂಗಳ. ನಾನು ಗೇಟು ತೆಗೆಯುವ ಹೊತ್ತಿಗೆ ಒಂದು ಹುಡುಗಿ ವಾಕರ್ ಹಿಡಿದುಕೊಂಡು ಅಂಗಳದ ಆ ತುದಿಯಿಂದ ಟಕ ಟಕ ಎಂದು ಬಂದು, ಯಾರು ಬೇಕಿತ್ತು ಎಂದು ವಿಚಾರಿಸಿದಳು. ಹುಟ್ಟಿನಿಂದ ಕಾಲುಗಳಲ್ಲಿ ಬಲ ಕಡಿಮೆ. ಆದರೆ ಸಮತಟ್ಟು ನೆಲದಲ್ಲಿ ಅವಳ ಓಡಾಟ ನೋಡಿದರೆ, ನನ್ನ ಮಂಡಿನೋವಿನ ನಡಿಗೆ ನನಗೇ ನಾಚಿಕೆ ತರಿಸಿತು. ಇವಳೇ ಸ್ವಾತಿ.

ಇವಳನ್ನು ಯಾಕೆ ಹೊರಬೇಕು?

ಉತ್ತರ ಬಹಳ ಸುಲಭ. ಆ ಶಾಲೆಯಲ್ಲಿ ಎಂಟನೇ ಕ್ಲಾಸು ಕೆಳಗೆ, ಒಂಬತ್ತು ಮತ್ತು ಹತ್ತು ಮಾಳಿಗೆಯ ಮೇಲೆ. ನಡುವೆ ಇಪ್ಪತ್ತೆರಡು ಮೆಟ್ಟಿಲು. ಎಂಟನೇ ಕ್ಲಾಸಿನಲ್ಲಿ ಸ್ವಾತಿ ತಾನೇ ಗೇಟಿನಿಂದ ಕ್ಲಾಸಿಗೆ ಹೋಗುತ್ತಿದ್ದಳು. ಒಂಬತ್ತಕ್ಕೆ ಬಂದ ದಿನದಿಂದ ತಾಯಿಯ ಬೆನ್ನು.

ಗುಲಾಬಿ ಮೊದಲು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದವಳು. ಈಗ ಬಿಟ್ಟಿದ್ದಾಳೆ. ಬೆಳಿಗ್ಗೆ ಹೊತ್ತುಕೊಂಡು ಹೋಗಿ ಬಿಟ್ಟು, ಸಂಜೆ ಹೊತ್ತುಕೊಂಡು ಬಂದರೆ ಆಯಿತಲ್ಲ, ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದೆ. ಬುದ್ಧಿವಂತೆಯ ಪ್ರಶ್ನೆ ಎಂದುಕೊಂಡೇ ಕೇಳಿದ್ದು. ಮಧ್ಯಾಹ್ನದ ಊಟ ಕೆಳಗೆ, ಟಾಯ್ಲೆಟ್ ಕೆಳಗೆ ಎಂದಳು ಅವಳು. ಹನ್ನೆರಡೂವರೆಗೆ ಶಾಲೆಯಲ್ಲಿ ಇರಲೇಬೇಕು. ಮಧ್ಯಾಹ್ನ ಒಂದು ಗಂಟೆ ಶಾಲೆಗೆ ಹೋಗಿ ಬನ್ನಿ ಎನ್ನುವ ಫ್ಯಾಕ್ಟರಿ ಎಲ್ಲಿದೆ?

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸ್ವಾತಿ ನೀರು ಕುಡಿಯುವುದಿಲ್ಲ. ಇದನ್ನು ಅವಳೇ ಹೇಳಿದಳು, ಹೋಂವರ್ಕ್ ಮಾಡಿಲ್ಲ ಎಂದಷ್ಟೇ ಸಲೀಸಾಗಿ. ಕುಡಿದರೆ ನಡುವೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಅಮ್ಮ ಬೇಕು, ಅಮ್ಮ ಮನೆಯಲ್ಲಿ. ಉರಿಮೂತ್ರ ಬಂದು ಈ ವರ್ಷ ಎರಡು ಸಲ ಕುಂದಾಪುರದ ಡಾಕ್ಟರ ಹತ್ತಿರ ಹೋಗಿ ಬಂದಾಗಿದೆ. ಎರಡನೇ ಸಲ ಹೋದಾಗ ಡಾಕ್ಟರು ತಾಯಿಯ ಸೊಂಟವನ್ನೂ ನೋಡಿ, ಇನ್ನು ಭಾರ ಎತ್ತಿದರೆ ನೀನೇ ಹಾಸಿಗೆ ಹಿಡಿಯುತ್ತಿ ಎಂದು ಬೈದು ಕಳಿಸಿದ್ದಾರೆ.

ಗಂಡ ಮೀನಿನ ಬೋಟಿನಲ್ಲಿ. ಹೋದರೆ ಹತ್ತು ಹನ್ನೆರಡು ದಿನ ದಡಕ್ಕಿಲ್ಲ.

ನಾನು ಸನ್ಮಾನ ಪತ್ರದ ಸುದ್ದಿ ಎತ್ತಿದೆ. ಗುಲಾಬಿ ಚಾದ ಲೋಟ ನನ್ನ ಕೈಗೆ ಕೊಟ್ಟು ನಕ್ಕಳು.

"ನಂಗೆ ಶಾಲ್ ಬ್ಯಾಡ ಅಕ್ಕ. ಕ್ಲಾಸ್ ಕೆಳಗ್ ಮಾಡುಕ್ ಹೇಳಿ, ಸಾಕ್. ಈ ಡಿಸೆಂಬರ್ ವರೆಗ್ ಹ್ಯಾಂಗಾರೂ ಹೊತ್ತೆ. ಮತ್ತೆ ನನ್ ಹತ್ರ ಆತಿಲ್ಲ. ಮತ್ತೆ ಇವ್ಳ್ ಮನೆಲೇ."

ಮನೆಯಲ್ಲೇ ಎಂದರೆ? ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಗಣಿತದಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗಿ ಅದಕ್ಕೆ ಮೂರು ತಿಂಗಳಿರುವಾಗ ಶಾಲೆ ಬಿಟ್ಟು ಮನೆಯಲ್ಲಿ ಕೂರುವುದು. ಕಾರಣ ಅವಳ ಕಾಲಲ್ಲ. ಅವಳಮ್ಮನ ಸೊಂಟವೂ ಅಲ್ಲ. ಹದಿನೆಂಟು ಬೆಂಚು ಡೆಸ್ಕುಗಳು ಮೇಲಿರುವುದು!

ಸ್ವಾತಿ ಸುಮ್ಮನೆ ಕೂತವಳಲ್ಲ. ಒಂಬತ್ತರಲ್ಲಿ ಒಂದು, ಹತ್ತರಲ್ಲಿ ಒಂದು, ಎರಡು ಅರ್ಜಿ ಬರೆದು ಹೆಡ್‌ಮಾಸ್ಟರ ಕೈಗೇ ಕೊಟ್ಟಿದ್ದಾಳೆ. ಎರಡು ಸಲವೂ ಅವರು 'ಕಾಂಬ' ಎಂದಿದ್ದಾರೆ. ನೋಡೋಣ ಎಂದು ಅರ್ಥ. (ನಮ್ಮ ಕಡೆ ಈ 'ಕಾಂಬ' ಎನ್ನುವ ಒಂದು ಶಬ್ದದ ಮೇಲೆ ಅರ್ಧ ಆಡಳಿತ ನಡೆಯುತ್ತದೆ. ಇನ್ನರ್ಧ ನಡೆಯುವುದೇ ಇಲ್ಲ.) ಅರ್ಜಿ ಸಿಕ್ಕಿದ್ದಕ್ಕೆ ಒಂದು ಸಹಿ ಕೊಡಿ ಎಂದು ಹುಡುಗಿ ಕೇಳಿದ್ದಕ್ಕೆ, ನನ್ನ ಮೇಲೆ ನಂಬಿಕೆ ಇಲ್ಲವಾ ಎಂದು ಅವರಿಗೆ ಬೇಜಾರಾಯಿತಂತೆ.

ಆಮೇಲೆ ಅವಳು ತನ್ನ ಮೊಬೈಲು ತಂದು ನನ್ನ ಮುಂದೆ ಹಿಡಿದಳು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಹದಿನಾರನೇ ಸೆಕ್ಷನ್. ಸರಕಾರದ ಹಣ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಅವರು ಓಡಾಡುವ ಹಾಗೆ ಇಡಬೇಕು, ಆ ಮಗುವಿಗೆ ಏನು ಬೇಕೋ ಆ ಸೂಕ್ತ ಅನುಕೂಲ ಮಾಡಿಕೊಡಬೇಕು. ಅಂಥ ಅನುಕೂಲ ಕೊಡದೆ ಇರುವುದನ್ನೂ ಕಾಯ್ದೆ ತಾರತಮ್ಯ ಎಂದೇ ಕರೆಯುತ್ತದೆ. ಬೈದರೆ, ಹೊರಗೆ ದಬ್ಬಿದರೆ ಮಾತ್ರ ತಾರತಮ್ಯ ಅಲ್ಲ. ಕೈಲಾಗುವುದನ್ನು ಮಾಡದೆ ಸುಮ್ಮನೆ ಕೂತರೂ ತಾರತಮ್ಯವೇ. ಅರುವತ್ತಮೂರು ವರ್ಷದ ನನಗೆ ಇದು ಗೊತ್ತಿರಲಿಲ್ಲ. ಹದಿನೈದರ ಹುಡುಗಿಗೆ ಗೊತ್ತಿತ್ತು.

"ಅಮ್ಮ ಹೊತ್ಕಂಡ್ ಬರ್ಕ್ ಅಂದೇಳಿ ಇದ್ರಗೆ ಎಲ್ಲೂ ಬರೀಲಿಲ್ಲ ಆಂಟಿ," ಎಂದಳು.

ಮರುದಿನ ಶಾಲೆಗೆ ಹೋದೆ. ಹೆಡ್‌ಮಾಸ್ಟರು ನನ್ನನ್ನು ಬಹಳ ಪ್ರೀತಿಯಿಂದ ಕೂರಿಸಿದರು, ಕುಡಿಯಲು ಬೊಂಡ, ಅಂದರೆ ಎಳನೀರು, ತರಿಸಿಕೊಟ್ಟರು. ಕೆಟ್ಟ ಮನುಷ್ಯ ಅಲ್ಲ ಮಾರಾಯ್ರೆ. ಗುಲಾಬಿಯ ವಿಷಯ ಹೇಳುವಾಗ ಅವರ ದನಿ ನಿಜವಾಗಿಯೂ ನಡುಗಿತು, ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡರು. ನನಗೆ ಪಿತ್ತ ನೆತ್ತಿಗೇರಿದ್ದು ಆವಾಗಲೇ. ಅಳುವುದಕ್ಕೆ ಪುರುಸೊತ್ತಿದೆ, ಕ್ಲಾಸು ಬದಲಾಯಿಸಲು ಇಲ್ಲ!

ಎಂಟನೇ ಕ್ಲಾಸನ್ನು ಮೇಲೆ ಹಾಕಿ ಹತ್ತನೇ ಕ್ಲಾಸನ್ನು ಕೆಳಗೆ ತಂದರೆ ಏನು ತೊಂದರೆ ಎಂದು ಕೇಳಿದೆ. ಅವರು ಒಂದೊಂದೇ ಬೆರಳು ಮಡಚಿದರು. ಹತ್ತನೇ ಕ್ಲಾಸು ಮೊದಲಿನಿಂದಲೂ ಮೇಲೆಯೇ. ಮೇಲೆ ಗಲಾಟೆ ಕಡಿಮೆ, ರಿಸಲ್ಟ್ ಚಂದ ಬರುತ್ತದೆ. ಮೇಲಿನ ರೂಮಿಗೆ ಮುಂಬೈಯ ಹೋಟೆಲಿನವರೊಬ್ಬರು, ಇದೇ ಶಾಲೆಯ ಹಳೇ ವಿದ್ಯಾರ್ಥಿ, ಸ್ಮಾರ್ಟ್ ಕ್ಲಾಸು ಹಾಕಿಸಿಕೊಟ್ಟಿದ್ದಾರೆ. ಬಾಗಿಲ ಮೇಲೆ ಅವರ ಹೆಸರಿನ ಬೋರ್ಡಿದೆ. ಕ್ಲಾಸು ಕೆಳಗೆ ತಂದರೆ ಅವರಿಗೆ ಬೇಜಾರಾಗುವುದಿಲ್ಲವೇ? ಒಬ್ಬಳಿಗೋಸ್ಕರ ಉಳಿದ ಮೂವತ್ತೈದು ಮಕ್ಕಳಿಗೆ ತೊಂದರೆ ಕೊಡುವುದು ಸರಿಯೇ?

ನಾನು ಕಾಯ್ದೆಯ ಹೆಸರು ಹೇಳಿದೆ. ಅವರು ನಕ್ಕರು. ಕಾನೂನು ಗೀನೂನು ನಮ್ಮ ನಡುವೆ ಯಾಕೆ, ನಾವು ಅವಳನ್ನು ಮನೆಯ ಮಗಳ ಹಾಗೆ ನೋಡಿಕೊಂಡಿದ್ದೇವೆ ಎಂದರು. ಆಮೇಲೆ ಒಂದು ಮಾತು ಹೇಳಿದರು, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಅವ್ಳ್ ಅಮ್ಮ ಹೊತ್ಕಂಡ್ ಬತ್ಲಲ್ದಾ ಮೇಡಂ? ಮತ್ತೆ ಪ್ರಾಬ್ಲಂ ಎಂತ?"

ಎಂತ ಹೇಳುವುದು ಇವರಿಗೆ? ತಾಯಿ ಹೊರುತ್ತಿರುವವರೆಗೆ ಸಮಸ್ಯೆಯೇ ಇಲ್ಲ. ಹೊರುವುದನ್ನು ನಿಲ್ಲಿಸಿದ ದಿನ, ಅವರಿಗೆ ಮಗಳನ್ನು ಓದಿಸುವ ಆಸಕ್ತಿ ಇಲ್ಲ ಎಂದು ರಿಜಿಸ್ಟರಿನಲ್ಲಿ ಬರೆದರಾಯಿತು. ಅಷ್ಟರಲ್ಲಿ ಶಾಲು ಹೊದೆಸಿಬಿಟ್ಟರೆ ನಮ್ಮ ಲೆಕ್ಕವೂ ಚುಕ್ತಾ.

ಮನೆಗೆ ಬಂದು ಬರೆಯಲು ಕೂತೆ. ಅಭ್ಯಾಸಬಲ ನೋಡಿ, ಕೈ ತಾನಾಗಿಯೇ 'ಓ ತ್ಯಾಗಮಯಿ ತಾಯೇ' ಎಂದು ಶುರು ಮಾಡಿತು. ಕಾಗದ ಹರಿದೆ. ನನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ಎಷ್ಟು ಜನರ ನೋವಿನ ಮೇಲೆ ಹೀಗೆ ಚಂದದ ಚಂದದ ಶಬ್ದ ಹೊದೆಸಿದ್ದೇನೋ! ಬರೆಯಲು ಬಾರದವಳೇನಲ್ಲವಲ್ಲ, ಈ ಸಲ ನಡೆದದ್ದನ್ನೇ ಬರೆಯುತ್ತೇನೆ ಎಂದು ಹಟ ಬಂತು.

ಮೊದಲ ಸಾಲು ಮಾಮೂಲಿಯೇ ಇಟ್ಟೆ: 'ಕಡಲ ತಡಿಯ ಈ ಪುಣ್ಯಭೂಮಿಯಲ್ಲಿ ಜನಿಸಿ, ಸರಳತೆಯನ್ನೇ ಉಸಿರಾಗಿಸಿಕೊಂಡು...' ಕೊನೆಯ ಸಾಲೂ ಮಾಮೂಲಿ: 'ಭಗವಂತನು ತಮಗೆ ಆಯುರಾರೋಗ್ಯ ಐಶ್ವರ್ಯಗಳನ್ನಿತ್ತು ಕಾಪಾಡಲಿ.' ನಡುವಿನದ್ದು ಹೀಗಿತ್ತು:

'ಶ್ರೀಮತಿ ಗುಲಾಬಿ ಅವರೇ, ವಿಕಲಚೇತನರ ಹಕ್ಕುಗಳ ಕಾಯ್ದೆಯ ಹದಿನಾರನೇ ಸೆಕ್ಷನ್ನಿನ ಪ್ರಕಾರ ತಮ್ಮ ಮಗಳಿಗೆ ಬೇಕಾದ ಅನುಕೂಲವನ್ನು ಮಾಡಿಕೊಡಬೇಕಾದದ್ದು ನಮ್ಮ ಶಾಲೆ. ಅವಳ ತರಗತಿಯನ್ನು ಮಾಳಿಗೆಯಿಂದ ಕೆಳಗೆ ತಂದಿದ್ದರೆ ಸಾಕಿತ್ತು. ಅವಳು ಎರಡು ಸಲ ಬರೆದು ಕೇಳಿದರೂ ನಾವು ತರಲಿಲ್ಲ. ನಾವು ಮಾಡದೆ ಬಿಟ್ಟ ಕೆಲಸವನ್ನು ತಾವು ಒಂದೂವರೆ ವರ್ಷದಿಂದ ಬೆನ್ನ ಮೇಲೆ ಹೊತ್ತಿದ್ದೀರಿ. ತಮ್ಮ ಸೊಂಟ ಹೋಯಿತು, ತಮ್ಮ ಕೆಲಸ ಹೋಯಿತು, ತಮ್ಮ ಮಗಳು ಶಾಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಈ ತಪ್ಪು ನಮ್ಮದೆಂದು ಒಪ್ಪಿಕೊಂಡು ತಮಗೆ ಈ ಶಾಲು ಹೊದೆಸುತ್ತಿದ್ದೇವೆ.'

ಕಳಿಸುವ ಮೊದಲು ತಾಯಿ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಗುಲಾಬಿ ಹೆದರಿದಳು, ನಾಳೆ ಮಗಳಿಗೆ ಕ್ಲಾಸಿನಲ್ಲಿ ತೊಂದರೆ ಕೊಟ್ಟರೆ ಎಂದಳು. ಅವಳ ಹೆದರಿಕೆ ಸುಳ್ಳಲ್ಲ. ನಿನಗೆ ಬೇಡ ಎಂದಾದರೆ ಈಗಲೇ ಹರಿಯುತ್ತೇನೆ ಎಂದೆ. ಹಿಂದಿನಿಂದ ಸ್ವಾತಿಯ ದನಿ ಬಂತು, "ಇಪ್ಪುದನ್ನೇ ಬರ್ದದ್ದ್ ಅಲ್ದಾ ಅಮ್ಮ, ಇರ್ಲಿ." ಆಯ್ತು ಅಕ್ಕ ಕಳಿಸಿ ಎಂದಳು ಗುಲಾಬಿ.

ಇದನ್ನು ಅವರು ಓದಿದರೆ ನಿನ್ನನ್ನು ಊರಿಗೇ ಸೇರಿಸುವುದಿಲ್ಲ ಎಂದು ನಮ್ಮ ಯಜಮಾನರು ಎಚ್ಚರಿಸಿದರು. ಓದಿ ಬೈಯಲಿ, ಅದಕ್ಕೇ ಕಳಿಸುತ್ತಿರುವುದು ಎಂದೆ. ನಿಜ ಹೇಳುತ್ತೇನೆ, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಹೆಡ್‌ಮಾಸ್ಟರು ಓದುತ್ತಾರೆ, ಫೋನ್ ಮಾಡಿ ಜಗಳ ಮಾಡುತ್ತಾರೆ, ಆವಾಗ ಇನ್ನೊಂದು ಸುತ್ತು ಮಾತಾಡಬಹುದು ಎಂದು.

ಫೋನು ಬಂತು. ಹೆಡ್‌ಮಾಸ್ಟರದ್ದಲ್ಲ, ಕುಂದಾಪುರದ ಪ್ರಿಂಟಿಂಗ್ ಪ್ರೆಸ್ಸಿನವರದ್ದು. ತಾಯಿಯ ಫೋಟೊ ಎಡಕ್ಕೆ ಹಾಕುವುದಾ ಬಲಕ್ಕಾ ಎಂದು ಕೇಳಿದರು. ಹೆಡ್‌ಮಾಸ್ಟರು ವಾಟ್ಸಾಪಿನಲ್ಲಿ ಒಂದು ಕೈಮುಗಿಯುವ ಚಿತ್ರ ಮತ್ತು 'ಸೂಪರ್ ಮೇಡಂ' ಎಂದು ಕಳಿಸಿದರು. ಮೊದಲ ಸಾಲು ಕಂಡಿತು, ಕೊನೆಯ ಸಾಲು ಕಂಡಿತು, ಸಾಕು. ಪತ್ರದ ಕೆಳಗೆ ಹೆಡ್‌ಮಾಸ್ಟರದ್ದು, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರದ್ದು, ಮುಖ್ಯ ಅತಿಥಿಯದ್ದು, ಮೂರು ಸಹಿ ಬಿತ್ತು. ಶಾಲೆಯ ಸೀಲೂ ಬಿತ್ತು. ಮೂವರಲ್ಲಿ ಒಬ್ಬರೂ ಓದಿರಲಿಲ್ಲ!

ಡಿಸೆಂಬರಿನ ವಾರ್ಷಿಕೋತ್ಸವ. ಮಧ್ಯಾಹ್ನ ಮೂರಕ್ಕೆ ಸಭೆ. ಅಂಗಳದಲ್ಲಿ ಸ್ಟೇಜು, ಸ್ಟೇಜಿಗೆ ಆರು ಮೆಟ್ಟಿಲು. ನಾನು ಹೋಗುವಾಗ ಹೆಡ್‌ಮಾಸ್ಟರು ಗುಲಾಬಿಗೆ ತಿಳಿಸಿ ಹೇಳುತ್ತಿದ್ದರು. ಹೆಸರು ಕರೆದಾಗ ಮಗಳನ್ನು ಹೊತ್ತುಕೊಂಡೇ ಮೇಲೆ ಬರಬೇಕಂತೆ. ಫೋಟೊ ಚಂದ ಬರುತ್ತದಂತೆ.

ಆಗುವುದಿಲ್ಲ ಎಂದದ್ದು ಸ್ವಾತಿ. ವಾಕರ್ ಪಕ್ಕದಲ್ಲಿಟ್ಟುಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು, ಏಳಲಿಲ್ಲ. ತಾಯಿ ಒಬ್ಬಳೇ ಹತ್ತಿದಳು. ಫೋಟೊಗ್ರಾಫರನ ಮುಖ ಬಾಡಿತು.

ಪತ್ರ ಓದಲು ಬಂದವರು ಹೊಸದಾಗಿ ಬಂದ ಕನ್ನಡ ಟೀಚರು. ಚಂದದ ಕಂಠ. 'ಕಡಲ ತಡಿಯ ಈ ಪುಣ್ಯಭೂಮಿಯಲ್ಲಿ' ಎಂದು ಎತ್ತಿಕೊಂಡರು. ಹಿಂದೆ ಹೆಡ್‌ಮಾಸ್ಟರು ಶಾಲಿನ ಮಡಿಕೆ ಸರಿಮಾಡುತ್ತಿದ್ದರು, ಅಧ್ಯಕ್ಷರು ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ಕು ಎಳೆಯುತ್ತಿದ್ದರು. ಹದಿನಾರನೇ ಸೆಕ್ಷನ್ ಎನ್ನುವಲ್ಲಿ ಟೀಚರ ರಾಗ ನಿಂತಿತು. ಒಮ್ಮೆ ಹಿಂದೆ ತಿರುಗಿ ನೋಡಿದರು. ಹೆಡ್‌ಮಾಸ್ಟರು ನಗುತ್ತಾ, ಮುಂದುವರಿಸಿ ಎಂದು ಕೈ ಮಾಡಿದರು.

ಆ ಟೀಚರಿಗೆ ನನ್ನ ನಮಸ್ಕಾರ. ಅವರು ರಾಗ ಬಿಟ್ಟು, ಪಾಠ ಹೇಳುವ ಹಾಗೆ ಬಿಡಿಸಿ ಬಿಡಿಸಿ ಓದಿದರು. 'ಈ ತಪ್ಪು ನಮ್ಮದೆಂದು ಒಪ್ಪಿಕೊಂಡು' ಎನ್ನುವುದು ಮೈಕಿನಲ್ಲಿ ಹೆದ್ದಾರಿಯವರೆಗೆ ಕೇಳಿರಬೇಕು. ಮುಗಿದದ್ದೇ ಭರ್ಜರಿ ಚಪ್ಪಾಳೆ. ಯಾರೂ ಕೇಳಿಸಿಕೊಂಡಿರಲಿಲ್ಲ ಎಂದು ಬೇರೆ ಹೇಳಬೇಕೇ? ತಪ್ಪೊಪ್ಪಿಕೊಂಡ ಹೆಡ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಕೇಳಿಸಿಕೊಂಡವರು ಒಬ್ಬರಿದ್ದರು. ಮುಖ್ಯ ಅತಿಥಿ, ಅದೇ ಮುಂಬೈಯ ಹೋಟೆಲಿನವರು. ಸಭೆ ಮುಗಿದ ಮೇಲೆ ಚಾ ಕುಡಿಯುವಾಗ, ಕ್ಲಾಸು ಕೆಳಗೆ ಯಾಕೆ ತಂದಿಲ್ಲ ಎಂದು ಹೆಡ್‌ಮಾಸ್ಟರನ್ನು ವಿಚಾರಿಸಿದರು. ನಿಮ್ಮ ಹೆಸರಿನ ಬೋರ್ಡು ಮೇಲಿದೆಯಲ್ಲ ಸರ್ ಎಂದು ಇವರು ಹಲ್ಲು ಬಿಟ್ಟರು. ಅವರು ಲೋಟ ಕೆಳಗಿಟ್ಟು, ತಣ್ಣಗೆ ಹೇಳಿದರು.

"ಬೋರ್ಡ್ ತೆಗ್ದ್ ಕೆಳಗ್ ಹೊಡೂಕೆ ನಾಕ್ ಮೊಳೆ ಸಾಕಲ್ದಾ? ನಂಗೆಂತಕ್ಕೆ ಬೇಜಾರ್?"

ಒಂದೂವರೆ ವರ್ಷದಿಂದ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಅವರಿಗೆ ಬೇಜಾರಾಗುತ್ತದೆ ಎಂದು ಇವರೇ ತೀರ್ಮಾನ ಮಾಡಿ, ಇಲ್ಲದ ಬೇಜಾರನ್ನು ಒಬ್ಬಳು ಹೆಂಗಸಿನ ಬೆನ್ನಿಗೆ ಕಟ್ಟಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರ ಫೋನು. ಈಗ ಓದಿದ್ದರು. ನಾವು ಸನ್ಮಾನ ಮಾಡಲು ಹೋದರೆ ನೀವು ಅವಮಾನ ಮಾಡಿದಿರಿ ಎಂದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥಾ ಮೋಸ ಕಂಡಿಲ್ಲ ಎಂದರು. ಸುಳ್ಳು ಯಾವ ಸಾಲಿನಲ್ಲಿದೆ ತೋರಿಸಿ, ತಿದ್ದಿಕೊಡುತ್ತೇನೆ ಎಂದೆ. ಫೋನು ಇಟ್ಟರು.

ಅಂದೇ ಸಂಜೆ ಇಬ್ಬರು ಮಾಸ್ಟರು ಗುಲಾಬಿಯ ಮನೆಗೆ ಹೋದರಂತೆ. ಸಣ್ಣದೊಂದು ಪ್ರಿಂಟಿಂಗ್ ಮಿಸ್ಟೇಕ್ ಆಗಿದೆ, ಫ್ರೇಮು ವಾಪಸು ಕೊಡಿ, ಬೇರೆ ಮಾಡಿಸಿಕೊಡುತ್ತೇವೆ ಎಂದರಂತೆ. ಹೆದರಿಕೊಂಡಿದ್ದ ಗುಲಾಬಿಗೆ ಎಲ್ಲಿಂದ ಧೈರ್ಯ ಬಂತೋ. "ಸನ್ಮಾನ ಮಾಡಿ ಕೊಟ್ಟದ್ದನ್ನ ವಾಪಸ್ ಕೇಂಬುದಾ ಮಾಷ್ಟ್ರೆ?" ಎಂದಳಂತೆ. ನಮ್ಮ ಕಡೆ ಈ ಪ್ರಶ್ನೆಗೆ ಜವಾಬು ಕೊಡುವ ಗಂಡಸು ಇನ್ನೂ ಹುಟ್ಟಿಲ್ಲ. ಇಬ್ಬರೂ ಎದ್ದು ಬಂದರು.

ಇಷ್ಟಾದರೂ ಕ್ಲಾಸು ಕೆಳಗೆ ಬಂತಾ? ಎಲ್ಲಿಯ ಮಾತು. ಹೆಡ್‌ಮಾಸ್ಟರು ಹೊಸದೊಂದು ಉಪಾಯ ಹುಡುಕಿದರು. ಗೃಹಾಧಾರಿತ ಶಿಕ್ಷಣ. ಅಂದರೆ ಮಗು ಮನೆಯಲ್ಲೇ ಇರುವುದು, ವಾರಕ್ಕೆ ಒಂದೋ ಎರಡೋ ಸಲ ಒಬ್ಬ ಶಿಕ್ಷಕರು ಮನೆಗೆ ಬಂದು ಹೇಳಿಕೊಡುವುದು. ಹಾಸಿಗೆಯಿಂದ ಏಳಲಾಗದ ಮಕ್ಕಳಿಗೆ ಇದು ಒಳ್ಳೆಯ ವ್ಯವಸ್ಥೆ, ಅದನ್ನು ನಾನು ದೂರುವುದಿಲ್ಲ. ಆದರೆ ಇದು ಶಾಲೆಗೆ ಬರಲಾಗದವರಿಗೆ ಇರುವುದೇ ಹೊರತು, ದಿನಾ ಬರುವವಳನ್ನು ಮನೆಗೆ ಅಟ್ಟುವುದಕ್ಕೆ ಅಲ್ಲ. ಪರೀಕ್ಷೆಗೆ ಮೂರು ತಿಂಗಳಿರುವಾಗ, ನಿಮ್ಮ ಸೊಂಟದ ಒಳ್ಳೆಯದಕ್ಕೇ ಹೇಳುವುದು ಎಂದು ತಾಯಿಯ ಮುಂದೆ ಫಾರ್ಮು ಹಿಡಿದರು. 'ನಮ್ಮ ಸ್ವಇಚ್ಛೆಯಿಂದ' ಎಂದು ಮೊದಲೇ ಟೈಪ್ ಆಗಿತ್ತು. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿ ತೋರಿಸಿದ್ದರು.

ಗುಲಾಬಿಯ ಸೊಂಟ ಆ ಹೊತ್ತಿಗೆ ಪೂರ್ತಿ ಸೋತಿತ್ತು. ಒಂದು ವಾರದಿಂದ ಸ್ವಾತಿ ಶಾಲೆಗೆ ಹೋಗಿರಲಿಲ್ಲ. ಸಹಿ ಹಾಕಿಬಿಡುವುದಾ ಅಕ್ಕ ಎಂದು ಗುಲಾಬಿ ನನಗೆ ಫೋನಿನಲ್ಲಿ ಕೇಳಿದಳು. ಆ ದನಿಯಲ್ಲಿ ಸುಸ್ತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬೇಡ ಎನ್ನಲು ನನಗೇನು ಹಕ್ಕು? ಹೊರುವವಳು ಅವಳು.

ಆದರೆ ಸ್ವಾತಿ ಆಗಲೇ ಕಾಗದ ಪೆನ್ನು ಹಿಡಿದಾಗಿತ್ತು. ರಾಜ್ಯದ ವಿಕಲಚೇತನರ ಆಯುಕ್ತರಿಗೆ ಒಂದು ದೂರು, ಶಿಕ್ಷಣ ಇಲಾಖೆಗೆ ಅದರ ಪ್ರತಿ. ಒಂದೂವರೆ ಪುಟ. ಅಳು ಇಲ್ಲ, ಬೇಡಿಕೊಳ್ಳುವುದು ಇಲ್ಲ. ನನ್ನ ಕ್ಲಾಸು ಕೆಳಗೆ ಬೇಕು, ಎರಡು ಸಲ ಕೇಳಿದ್ದೇನೆ, ಕೊಟ್ಟಿಲ್ಲ. ಕೊನೆಯಲ್ಲಿ ಒಂದು ವಾಕ್ಯ: 'ನನ್ನ ಎರಡು ಅರ್ಜಿಗಳಿಗೆ ಶಾಲೆಯವರು ಸ್ವೀಕೃತಿ ಕೊಟ್ಟಿರುವುದಿಲ್ಲ. ಆದರೆ ನಾನು ಕೇಳಿದ್ದೂ ಅವರು ಕೊಡದಿದ್ದದ್ದೂ ನಿಜವೆಂದು ಮೂರು ಸಹಿ ಮತ್ತು ಶಾಲೆಯ ಸೀಲಿನೊಂದಿಗೆ ಬರೆದುಕೊಟ್ಟಿರುವ ಸನ್ಮಾನ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ.'

ನನ್ನ ಬರಹ ಜೀವಮಾನದಲ್ಲಿ ಒಮ್ಮೆ ಉಪಯೋಗಕ್ಕೆ ಬಂತು! ರಿಜಿಸ್ಟರ್ಡ್ ಪೋಸ್ಟು ಮಾಡಿಸಲು ನಾನೇ ಹೋದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ. ರಶೀದಿ ತಂದು ಹುಡುಗಿಯ ಕೈಗೆ ಕೊಟ್ಟೆ.

ಫಾರ್ಮು ಸಹಿಯಿಲ್ಲದೆ ಹಾಗೆಯೇ ಉಳಿಯಿತು. ಸ್ವಾತಿ ಮೂರು ವಾರ ಮನೆಯಲ್ಲಿ ಓದಿಕೊಂಡಳು. ಕ್ಲಾಸಿನ ಇಬ್ಬರು ಹುಡುಗಿಯರು ಸಂಜೆ ಬಂದು ನೋಟ್ಸು ಕೊಟ್ಟು ಹೋಗುತ್ತಿದ್ದರು. ಜನವರಿಯ ನಡುವಿನಲ್ಲಿ ಶಾಲೆಗೆ ಮೇಲಿನಿಂದ ಒಂದು ಕಾಗದ ಬಂತಂತೆ. ಏನು ಬರೆದಿತ್ತು ಎಂದು ನನಗೆ ಗೊತ್ತಿಲ್ಲ. ಉದ್ದ ಇರಲಿಕ್ಕಿಲ್ಲ. ಯಾಕೆಂದರೆ ಕಾಗದ ಬಂದದ್ದು ಶುಕ್ರವಾರ, ಕ್ಲಾಸು ಕೆಳಗೆ ಬಂದದ್ದು ಶನಿವಾರ.

ಎಷ್ಟು ಹೊತ್ತು ಹಿಡಿಯಿತು ಎಂದು ಕನ್ನಡ ಟೀಚರ ಹತ್ತಿರ ಕೇಳಿದೆ. ಎರಡು ಕ್ಲಾಸಿನ ಮಕ್ಕಳು ಸೇರಿ ಬೆಂಚು ಡೆಸ್ಕು ಅದಲು ಬದಲು ಮಾಡಲು ಒಂದು ಪೀರಿಯಡ್ಡು. ಸ್ಮಾರ್ಟ್ ಬೋರ್ಡು ಬಿಚ್ಚಿ ಕೆಳಗೆ ಹಾಕಲು ಎಲೆಕ್ಟ್ರಿಷಿಯನ್‌ಗೆ ಇನ್ನೊಂದು. ಹೆಸರಿನ ಬೋರ್ಡಿಗೆ ಹೋಟೆಲಿನವರು ಹೇಳಿದ ಹಾಗೆ ನಾಲ್ಕು ಮೊಳೆ. ಇಂಟರ್‌ವಲ್ಲಿಗೆ ಮೊದಲು ಎಲ್ಲ ಮುಗಿದು, ಮಕ್ಕಳು ಆಟಕ್ಕೆ ಹೋದರಂತೆ. ಎರಡು ಪೀರಿಯಡ್ಡಿನ ಈ ಕೆಲಸಕ್ಕೆ ಒಬ್ಬಳ ಸೊಂಟ ಮುರಿಯಬೇಕಾಯಿತು, ಒಂದು ಸಂಸಾರದ ಸಂಬಳ ಹೋಗಬೇಕಾಯಿತು, ಒಂದು ಮಗು ಒಂದೂವರೆ ವರ್ಷ ಬಾಯಾರಿಕೊಂಡು ಕೂರಬೇಕಾಯಿತು. ಇದಕ್ಕೆ ನಾವು ಹೆಮ್ಮೆಯಿಂದ ಇಟ್ಟ ಹೆಸರು ಮಾತೃಶಕ್ತಿ!

ಸೋಮವಾರ ಹೋಗಿ ಕಣ್ಣಾರೆ ನೋಡಿದೆ. ಸ್ವಾತಿ ಆಟೊದಿಂದ ಇಳಿದು, ವಾಕರ್ ಹಿಡಿದು, ಗೇಟಿನಿಂದ ಕ್ಲಾಸಿನವರೆಗೆ ತಾನೇ ಹೋದಳು. ಬ್ಯಾಗಿನ ಬದಿಯಲ್ಲಿ ನೀರಿನ ದೊಡ್ಡ ಬಾಟಲಿ. ಎರಡನೇ ಪೀರಿಯಡ್ಡಿನಲ್ಲಿ ಪಕ್ಕದವಳ ಹತ್ತಿರ ಮಾತಾಡಿದ್ದಕ್ಕೆ ವಿಜ್ಞಾನದ ಮಾಸ್ಟರಿಂದ ಬೈಗುಳವೂ ಬಿತ್ತು. ಕಿಟಕಿಯ ಹೊರಗೆ ನಿಂತು ಕೇಳಿದ ನನಗೆ ಖುಷಿಯೋ ಖುಷಿ.

ಗುಲಾಬಿ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು. ಸೊಂಟಕ್ಕೆ ಬೆಲ್ಟು ಹಾಕಿದ್ದಳು. ಫ್ಯಾಕ್ಟರಿಯಲ್ಲಿ ಕೇಳಿದ್ದೇನೆ, ಕೂತು ಮಾಡುವ ಕೆಲಸ ಇದ್ದರೆ ಹೇಳುತ್ತೇವೆ ಎಂದಿದ್ದಾರೆ ಎಂದಳು. ಹಳೇ ಸೊಂಟ ವಾಪಸು ಕೊಡುವ ಕಾಯ್ದೆ ಮಾತ್ರ ಯಾವುದೂ ಇಲ್ಲ.

ಹೋದವಳು ಹೆಡ್‌ಮಾಸ್ಟರ ರೂಮಿಗೂ ಇಣುಕಿದೆ. ಎಷ್ಟಾದರೂ ಕೊನೆಗೆ ಮಾಡಿದರಲ್ಲ, ಒಂದು ಒಳ್ಳೆಯ ಮಾತು ಹೇಳಿ ಬರೋಣ ಎಂದು. ಈ ಸಲ ಬೊಂಡ ಇಲ್ಲ, ಕೂತುಕೊಳ್ಳಿ ಎಂದೂ ಇಲ್ಲ. ಫೈಲು ನೋಡುತ್ತಲೇ ಮಾತಾಡಿದರು. ಮಾರ್ಚಿಗೆ ಅವಳ ಪರೀಕ್ಷೆ ಮುಗಿಯುತ್ತದೆ, ಜೂನಿನಿಂದ ಹತ್ತನೇ ಕ್ಲಾಸನ್ನು ಪುನಃ ಮಾಳಿಗೆಗೆ ಹಾಕುತ್ತೇವೆ ಎಂದರು. ಜೂನಿನಲ್ಲಿ ಇನ್ನೊಂದು ಇಂಥದ್ದೇ ಮಗು ಬಂದರೆ ಎಂದು ಕೇಳಿದೆ. ಅವರು ತಲೆ ಎತ್ತಿ, ಆ ಕಾಗದದಲ್ಲಿ ಇದ್ದದ್ದು ಸ್ವಾತಿಯ ಹೆಸರು ಮಾತ್ರ ಅಲ್ಲವಾ ಮೇಡಂ ಎಂದರು.

ಇನ್ನೇನು, ಸ್ವಾತಿ ಪಾಸಾಗಿ ಹೋಗುವ ದಿನ ಕಾನೂನಿಗೂ ಒಂದು ಟಿ.ಸಿ. ಬರೆದು ಕೈಗೆ ಕೊಟ್ಟು ಕಳಿಸುತ್ತಾರೆ.